ಬಾಜು ಮನೆಯ ಸಾಕ್ಷಿ

ಮಳೆ ಹಿಡಿದಾಗಿನಿಂದ ಇಮಾಮುದ್ದೀನನಿಗೆ ಜನರ ಬೆರಳು ಕಂಡರೆ ಸಿಟ್ಟು ಬರುತ್ತಿತ್ತು. ನವಲಗುಂದದ ಬಸ್ ನಿಲ್ದಾಣದ ಎದುರು, ಮೊಬೈಲ್ ಅಂಗಡಿಯ ಗೋಡೆಗೆ ಒತ್ತಿ ಕಟ್ಟಿದ ದೊಡ್ಡ ಕಪ್ಪು ಛತ್ರಿಯ ಕೆಳಗೆ ಅವನು ಕೂತಿರುತ್ತಿದ್ದ. ಬಂದವರು ಹೊರಗೆ ನಿಂತೇ, ತುಕ್ಕು ತಿಂದ ಬೀಗವನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದು ಅವನ ಮುಖದೆದುರು ತೂಗುತ್ತಿದ್ದರು. "ಹ್ವಾದ ವರ್ಷ ನಿನ್ನ ಕಡೇನ ರಿಪೇರಿ ಮಾಡ್ಸಿದ್ದು ನೋಡು ಇದು, ಏನಾಗೇತಿ ನೋಡು" ಅನ್ನುತ್ತಿದ್ದರು. ಮಳೆಯನ್ನೂ ಅವನೇ ಸುರಿಸಿದ್ದಾನೆ ಎಂಬ ಧಾಟಿ. ಬೆಣ್ಣಿಹಳ್ಳ ತುಂಬಿ ರಸ್ತೆಗೆ ಬಂದು, ಇಳಿದು, ಮತ್ತೆ ಬಂದಿತ್ತು. ಎರೆಹೊಲಗಳಲ್ಲಿ ಹೆಸರುಕಾಳು ಗಿಡದಲ್ಲೇ ಮೊಳಕೆಯೊಡೆದಿತ್ತು. ಮಣ್ಣಿನ ಮಾಳಿಗೆಯ ಮನೆಗಳು ಇವತ್ತು ಈ ಊರಲ್ಲಿ, ನಾಳೆ ಆ ಊರಲ್ಲಿ ಕುಸಿಯುತ್ತಿದ್ದವು. ಇಷ್ಟರ ನಡುವೆ ಒಂದು ಬೀಗ ತುಕ್ಕು ಹಿಡಿದರೆ ಏನು ದೊಡ್ಡದು? ಆದರೆ ಜನ ಹಳ್ಳವನ್ನು ಬೈಯಲಾರರು, ಆಕಾಶವನ್ನು ಬೈದರೆ ಅದು ಕೇಳಿಸಿಕೊಳ್ಳುವುದಿಲ್ಲ. ಬೈಯಲು ಅನುಕೂಲವಾದ ಎತ್ತರದಲ್ಲಿ ಒಬ್ಬ ಕೂತಿದ್ದ. ಅವತ್ತು ಬೆಳಿಗ್ಗೆ ಮೊಬೈಲ್ ಅಂಗಡಿಯ ಹೇಮಂತ ಶಟರ್ ಎತ್ತಿದವನೇ, "ಸಾಬರ, ನಿಮ್ಮ ಛತ್ರಿ ನೀರು ನಮ್ಮ ಮೆಟ್ಟಲ ಮ್ಯಾಲೆ ಬೀಳಾಕ್ಹತ್ತೇತಿ. ಗಿರಾಕಿ ಜಾರಿ ಬಿದ್ರ ನೀವ ಜವಾಬ್ದಾರಿ ನೋಡ್ರಿ" ಎಂದು, ಅವನು ಜರುಗುವ ತನಕ ನಿಂತು ನೋಡಿದ್ದ. ಇಮಾಮುದ್ದೀನ ಜರುಗಿದ. ಈಗ ನೀರು ಅವನ ಎಡ ಭುಜದ ಮೇಲೆ ಬೀಳುತ್ತಿತ್ತು.

ಒಳಗೆ ಕೊರೆಯುತ್ತಿದ್ದದ್ದು ಆ ನೀರಲ್ಲ. ವಾರದ ಹಿಂದೆ ತಿರ್ಲಾಪುರದಲ್ಲಿ ಒಂದು ಮನೆಯ ಬೀಗ ತೆಗೆದು ಬೆನ್ನು ತಿರುಗಿಸಿ ನಿಂತಾಗ ಹಿಂದಿನಿಂದ ಕೇಳಿಸಿದ ಸದ್ದು. ಹೊಸ ಬೀಗವೊಂದು ಹಾಕಿಕೊಂಡ ಸದ್ದು. ಎಣ್ಣೆ ಆರದ ಹೊಸ ಬೀಗ ಕೂಡುವಾಗ ಚಿಟ್ಟನೆ ಒಂದೇ ಸಲ ಕೂಡುತ್ತದೆ. ಅದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಆ ಊರಿನ ಕುಬೇರಪ್ಪ ಅವನನ್ನು ಸುರಿಯುವ ಮಳೆಯಲ್ಲಿ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿದ್ದು, ಮನೆ ಸೋರುತ್ತಿದೆ, ಒಳಗಿನ ಜೋಳದ ಚೀಲ ತೋಯುತ್ತಿವೆ, ಕೀಲಿಕೈ ಇಟ್ಟುಕೊಂಡವರು ಊರಲ್ಲಿಲ್ಲ ಎಂದು. ಚೀಲ ಬೇರೆಡೆ ಸಾಗಿಸಲು ಬಾಗಿಲು ತೆಗೆಸಿದವನು ಮರುಕ್ಷಣವೇ ಅದಕ್ಕೆ ಹೊಸ ಬೀಗ ಯಾಕೆ ಹಾಕಿದ? ಆಗ ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ನೋಡದಿರುವುದನ್ನೇ ಅಪ್ಪ ಬುಡನಸಾಬ ಕಲಿಸಿದ್ದ. ನಮ್ಮ ಕಣ್ಣು ಬೀಗದ ಮ್ಯಾಲೆ ಇರಬೇಕು, ಮನಿ ಒಳಗ ಹೋಗಬಾರದು, ಹೆಣಮಕ್ಕಳ ಮುಖದ ಮ್ಯಾಲೆ ಹೋಗಬಾರದು. ಬೀಗ ಬಿಚ್ಚಿತು ಅಂದರ ಕರೆಸಿದವರ ಕೈಯಾಗ ಕೊಟ್ಟು ಬೆನ್ನು ಮಾಡಿ ನಿಲ್ಲು, ಬಾಗಿಲಾ ಅವರ ನೂಕಲಿ. ಬಾಜು ಮನೆಯವರು ಒಬ್ಬರು ಬಂದು ಹೂಂ ಅನ್ನದೆ ಅಪ್ಪ ಯಾವ ಬೀಗಕ್ಕೂ ಕಡ್ಡಿ ಹಾಕಿದವನಲ್ಲ, ಮಗನೂ ಹಾಕಿದವನಲ್ಲ. ಅವತ್ತೂ ಹಟ ಹಿಡಿದಿದ್ದ. "ಬಾಜು ಮನಿಯವರನ್ನ ಕರೀರಿ, ಇಲ್ಲಂದ್ರ ನಾ ಮುಟ್ಟೂದಿಲ್ಲ" ಅಂದಿದ್ದ. ಕುಬೇರಪ್ಪ ಬಯ್ಯುತ್ತ ಹೋಗಿ ಕರೆತಂದ. ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡ ಹೆಂಗಸು. ಮೊಣಕಾಲ ತನಕ ಚೀಲ, ಕೆಳಗೆ ಎರೆಮಣ್ಣು ಮೆತ್ತಿದ ಎರಡು ಪಾದ. ಆ ಮಣ್ಣಿನಲ್ಲಿ ಯಾರ ಪಾದವೂ ಯಾರದಾದರೂ ಆಗಬಹುದು. "ಹೂಂ, ತಗೀಲಿ" ಎಂದಿತ್ತು ಕೊಪ್ಪೆ. ನೆಗಡಿಯಾದ ಮೂಗಿನ, ಎಳೆದ ಹೂಂ. ಅವನು ಕಣ್ಣೆತ್ತಲಿಲ್ಲ. ಮರ್ಯಾದೆಯಿಂದ ಎತ್ತಲಿಲ್ಲ. ಆಮೇಲೆ ಆ ಹಳೆಯ ಹಿತ್ತಾಳೆ ಬೀಗ ಬಹಳ ಹೊತ್ತು ಸತಾಯಿಸಿ ಕೊನೆಗೊಮ್ಮೆ ಒಳಗೇ ಉಸಿರು ಬಿಟ್ಟ ಹಾಗೆ ಬಿಚ್ಚಿಕೊಂಡಾಗ ಬೆರಳ ತುದಿಗೆ ಆದ ಸುಖ ಈಗ ನೆನಪಾಗಿ, ಯಾಕೋ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಕೀಲಿ ಇಮಾಮಸಾಬ ನೀನ ಏನು?"

ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ, ಸೀರೆ ಮೊಣಕಾಲ ತನಕ ತೊಯ್ದ ಹೆಂಗಸು. ಕೈಯಲ್ಲಿ ಗಂಟು. ಬಸ್ಸಿಳಿದು ನೇರ ಬಂದಿದ್ದಳು.

"ಹೌದ್ರಿ ಯವ್ವಾ. ಏನಾಗಬೇಕಿತ್ರಿ?"

"ಆಗೂದೆಲ್ಲಾ ಆಗೇತಿ. ನಾ ಫಕೀರವ್ವ. ತಿರ್ಲಾಪುರದಾಗ ನನ್ನ ಮನಿ ಕೀಲಿ ತಗದಾಂವ ನೀನ ಹೌದಲ್ಲೊ?"

ಪಕ್ಕದ ಚಹಾದಂಗಡಿಯಲ್ಲಿ ಮಾತು ನಿಂತಿತು. ಇಮಾಮುದ್ದೀನ ಅವಸರದಿಂದ ಛತ್ರಿಯನ್ನು ಅವಳ ಕಡೆ ವಾಲಿಸಿದ. "ಒಳಗ ಬರ್ರಿ, ತೋಯಸ್ಕೋತೀರಿ."

"ನಿನ್ನ ಛತ್ರಿ ಬುಡಕ ಕೂಡಾಕ ಬಂದಿಲ್ಲ ನಾ. ಯಾರನ್ನ ಕೇಳಿ ತಗದಿ?"

"ಕುಬೇರಪ್ಪಾರು ಕರದ್ರು. ಕಾಳು ತೋಯ್ತಾವ ಅಂದ್ರು. ಆದ್ರೂ ನಾ ಹಂಗ ತಗಿಯಾವಲ್ಲ ಬೇ. ಸಾಕ್ಷಿ ಇಲ್ಲದ ಒಂದ ಕೀಲಿ ಮುಟ್ಟಿಲ್ಲ ನಾನು. ಬಾಜು ಮನಿಯಾಕಿ ಬಂದು ಹೂಂ ಅಂದಳು, ಆಮ್ಯಾಲೆ ತಗದೆ."

"ಯಾ ಬಾಜು ಮನಿಯಾಕಿ?"

"ಕೊಪ್ಪಿ ಹಾಕ್ಕೊಂಡಿದ್ರು. ಮುಖಾ ನೋಡಿಲ್ರಿ."

"ಅಯ್ಯ ನನ್ನಪ್ಪ!" ಫಕೀರವ್ವ ಗಂಟನ್ನು ಕೆಸರಿನಲ್ಲೇ ಇಳಿಸಿದಳು. "ಮುಖಾ ನೋಡದ ಸಾಕ್ಷಿ ತಗೋತಾನಂತ! ನನ್ನ ಬಾಜು ಮನಿ ಗ್ವಾಡಿ ಬಿದ್ದು ಅವರೆಲ್ಲಾ ಮಳಿ ಶುರು ಆದಾಗಿಂದ ಸಾಲಿಯೊಳಗ ಮಲಗಾಕ್ಹತ್ಯಾರ. ನಿನಗ ಹೂಂ ಅನ್ನಾಕ ಅಲ್ಲಿ ಗ್ವಾಡಿನೂ ಇಲ್ಲೋ!"

ಚಹಾದಂಗಡಿಯಲ್ಲಿ ಯಾರೋ ನಕ್ಕರು. ಆ ನಗು ಇಮಾಮುದ್ದೀನನ ಕುತ್ತಿಗೆಯ ಹಿಂದೆ ಬಿಸಿಯಾಗಿ ತಗಲಿತು. ಅವನಿಗೆ ಮೊದಲು ಸಿಟ್ಟು ಬಂದದ್ದು ಕುಬೇರಪ್ಪನ ಮೇಲಲ್ಲ, ಈ ಹೆಂಗಸಿನ ಮೇಲೆ. ಹಗಲು ಹೊತ್ತಿನಲ್ಲಿ, ಬಸ್ ನಿಲ್ದಾಣದ ಎದುರು, ಅವನ ಜಾಗದಲ್ಲಿ, ಇಷ್ಟು ದೊಡ್ಡ ದನಿಯಲ್ಲಿ! ಊರಿನಲ್ಲಿ ಎಲ್ಲಿ ಕಳವಾದರೂ ಠಾಣೆಯವರು ಮೊದಲು ನೆನೆಸುವುದು ಕೀಲಿ ಮಾಡುವವರನ್ನು. ಅಪ್ಪನನ್ನು ಹಾಗೆ ಕರೆಸಿ ಠಾಣೆಯ ಹೊರಗಿನ ಕಲ್ಲಿನ ಮೇಲೆ ಸಂಜೆ ತನಕ ಕೂರಿಸಿ, ಕಳ್ಳ ಸಿಕ್ಕ ಮೇಲೆ ಯಾರೂ ಏನೂ ಹೇಳದೆ ಬಿಟ್ಟಿದ್ದರು. ಅಪ್ಪ ಮನೆಗೆ ಬಂದು ಊಟಕ್ಕೆ ಕೂತವನು, ಸಂಶಯ ಬರುವುದು ಸಹಜ ಅಲ್ಲವೇ ಎಂದು ಅವರ ಪರವಾಗಿಯೇ ಮಾತಾಡಿದ್ದ. ಅಪ್ಪನ ಆ ಸಮಾಧಾನ ಇಮಾಮುದ್ದೀನನಿಗೆ ಇವತ್ತಿಗೂ ನುಂಗಲಾಗದ ವಸ್ತು. ಕಣ್ಣು ಎತ್ತಬೇಡ, ತಿರುಗಿ ನೋಡಬೇಡ, ಸಾಕ್ಷಿ ಇಲ್ಲದೆ ಮುಟ್ಟಬೇಡ. ಇಷ್ಟೆಲ್ಲ ಕಟ್ಟಿಕೊಂಡು ಬದುಕಿದ್ದು ಯಾರಿಗಾಗಿ? ಈಗ ನೋಡು, ಕಣ್ಣೆತ್ತದಿದ್ದಕ್ಕೇ ಸಿಕ್ಕಿಬಿದ್ದದ್ದು.

ಫಕೀರವ್ವ ದನಿ ತಗ್ಗಿಸಿದಳು. ಬೈಗುಳಕ್ಕಿಂತ ಅದು ಕಷ್ಟವಾಯಿತು. "ನೋಡಪ್ಪಾ, ನನ್ನ ಗಂಡ ಇಲ್ಲ. ಕುಬೇರಪ್ಪ ನನ್ನ ಭಾವ. ಮಗಳ ಬಾಣಂತನಕ್ಕಂತ ದುಮ್ಮವಾಡಕ್ಕ ಹೋಗಿದ್ದೆ, ಇಷ್ಟರಾಗ ಹೊಕ್ಕ. ಮನಿ ಉತಾರಿ, ಕಾಗದಾ ಎಲ್ಲಾ ಇನ್ನೂ ನಮ್ಮ ಮಾವನ ಹೆಸರಿಲೇ ಅದಾವ. ಇವತ್ತ ತಲಾಟಿ ಬಾಯಾರು ಸರಕಾರದ ಪರಿಹಾರಕ್ಕಂತ ಬಿದ್ದ ಮನಿ ನೋಡಾಕ ಬರ್ತಾರ. ಯಾರು ಬಾಗಲದಾಗ ನಿಂತಿರ್ತಾರ ಅವರ ಫೋಟೋ ತಗೊಂಡು ಅವರ ಮನಿ ಅಂತ ಬರಕೋತಾರ. ಈಗ ಬಾಗಲಕ್ಕ ಅವನ ಕೀಲಿ ಐತಿ. ನಾ ಎಲ್ಲೆ ನಿಂದರ್ಲಿ? ಫೋನಿನ್ಯಾಗ ಗುಟ್ಟಾಗಿ ಸುದ್ದಿ ಮುಟ್ಟಸ್ತಾರ, ಎದುರಿಗೆ ಓಣ್ಯಾಗ ಯಾರೂ ಬಾಯಿ ಬಿಡೂದಿಲ್ಲ. ನೀ ಬಂದು ಹೇಳು. ನನ್ನ ಕೀಲಿ ಇತ್ತು, ನೀ ತಗದಿ ಅಂತ, ಅಷ್ಟ ಹೇಳು."

ಅಷ್ಟೇ. ಅಷ್ಟು ಹೇಳಿದರೆ ಅದರ ಅರ್ಥ, ಇಮಾಮುದ್ದೀನನೆಂಬವನು ಮನೆಯವರು ಇಲ್ಲದಾಗ ಮನೆಯ ಬೀಗ ತೆಗೆಯುತ್ತಾನೆ ಎಂದು. ನಾಳೆಯಿಂದ ಅವನನ್ನು ಯಾರೂ ಯಾವ ಬಾಗಿಲಿಗೂ ಕರೆಯುವುದಿಲ್ಲ. ಹೇಳದಿದ್ದರೆ ಈ ಹೆಂಗಸಿಗೆ ಮನೆಯಿಲ್ಲ. ಅವನು ಸಾಮಾನಿನ ಚೀಲ ಹೆಗಲಿಗೇರಿಸಿ, ಛತ್ರಿ ಮಡಚಿ, ಹೇಮಂತನ ಮೆಟ್ಟಿಲ ಮೇಲೆ ಬೇಕೆಂದೇ ನೀರು ಸೋರುವ ಹಾಗೆ ಒರಗಿಸಿಟ್ಟ.

ಅವನ ಮೊಪೆಡ್ಡಿನ ಮೇಲೆ ಇಬ್ಬರ ನಡುವೆ ಸಾಮಾನಿನ ಚೀಲವಿಟ್ಟುಕೊಂಡು ಹೋದರು. ಗಾಳಿ ಅಡ್ಡಕ್ಕೆ ಹೊಡೆಯುತ್ತಿತ್ತು. ಊರ ಹತ್ತಿರ ಡಾಂಬರು ಮುಗಿದು ಎರೆಮಣ್ಣು ಶುರುವಾದದ್ದೇ ಚಕ್ರದ ಸುತ್ತಲೂ ಮಣ್ಣು ಮೆತ್ತಿ ಗಾಡಿ ನಿಂತಿತು. ಅವನು ಕೂತು ಸ್ಕ್ರೂ ಡ್ರೈವರಿನಿಂದ ಮಣ್ಣು ಕೆರೆದ, ಹತ್ತು ಹೆಜ್ಜೆಗೆ ಮತ್ತೆ ಮೆತ್ತಿತು, ಮತ್ತೆ ಕೆರೆದ. ಕೊನೆಗೆ ನೂಕಿಕೊಂಡೇ ನಡೆದರು. ಫಕೀರವ್ವ ಚಪ್ಪಲಿ ಕೈಯಲ್ಲಿ ಹಿಡಿದು ಅವನಿಗಿಂತ ಮುಂದೆ ಹೋಗುತ್ತಿದ್ದಳು.

"ಮಗಳಿಗೆ ಏನ ಆತ್ರಿ?" ಸುಮ್ಮನಿರಲಾರದೆ ಕೇಳಿದ.

"ಹೆಣ್ಣು. ಅಗದಿ ನನ್ನಂಗ ಐತಿ. ಬಾಯಿ ತಗದ್ರ ಊರು ಕೇಳಬೇಕು." ಸ್ವಲ್ಪ ಹೊತ್ತು ನಡೆದು, ತಿರುಗದೆಯೇ ಕೇಳಿದಳು. "ನನ್ನ ಕೀಲಿ ತಗಿಯೂದು ತ್ರಾಸ ಆತೇನು?"

"ಆತ್ರಿ."

"ಮತ್ತ! ನನ್ನ ಗಂಡ ತಂದದ್ದು ಅದು. ಅಂವಾ ಬದುಕಿದ್ದಾಗ ಒಂದ ವಸ್ತು ಸುಮಾರ ತರಲಿಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು. ತನ್ನ ಬೆರಳುಗಳಿಗೂ ಅವತ್ತು ಅದೇ ಹೆಮ್ಮೆ ಆಗಿತ್ತೆಂದು ಇವಳಿಗೆ ಹೇಗೆ ಹೇಳುವುದು? ಇವಳ ಗಂಡ ಆರಿಸಿ ತಂದದ್ದನ್ನು ಸೋಲಿಸಿದ ಹೆಮ್ಮೆ. ಹೋಗಲಿ, ಆ ಬೀಗವಾದರೂ ಎಲ್ಲಿದೆಯೋ. ಕುಬೇರಪ್ಪನ ಕೈಗೆ ತಾನೇ ಕೊಟ್ಟಿದ್ದ, ಅದೂ ಎರಡೂ ಕೈ ಸೇರಿಸಿ, ಅಪ್ಪ ಕಲಿಸಿದ ಹಾಗೆ. ನೆನೆಸಿಕೊಂಡು ಮಳೆಯಲ್ಲೂ ಅವನ ಕಿವಿ ಕಾದವು. ಆ ಮನುಷ್ಯ ಬೈಕಿನ ಮೇಲೆ ದಾರಿಯುದ್ದಕ್ಕೂ ಎಷ್ಟು ಪ್ರೀತಿಯಿಂದ ಮಾತಾಡಿದ್ದ! ಮನೆ ಎಲ್ಲಿ, ಮಕ್ಕಳು ಎಷ್ಟು, ನಿಮ್ಮ ತಂದೆಯವರು ಭಾಳ ಸಜ್ಜನರಂತೆ, ಹೆಣ್ಣುಮಕ್ಕಳ ಮುಖವನ್ನೂ ನೋಡುತ್ತಿರಲಿಲ್ಲವಂತೆ ಎಂದು. ಒಬ್ಬನ ನಿಯತ್ತನ್ನು ಕೇಳಿ ತಿಳಿದುಕೊಂಡು, ಅದೇ ನಿಯತ್ತಿನಲ್ಲಿ ಎಲ್ಲಿ ಕೈ ಹಾಕಬಹುದೆಂದು ಹುಡುಕುವವರೂ ಇರುತ್ತಾರಲ್ಲ. ಕೊಪ್ಪೆಯ ಉಪಾಯ ಅವನಿಗೆ ಹೊಳೆದದ್ದು ಆಗಲೇ ಇರಬೇಕು, ಇವನು ಮುಖ ನೋಡುವುದಿಲ್ಲ ಎಂದು ಗೊತ್ತಾದಾಗ.

ಓಣಿಗೆ ಬರುವಷ್ಟರಲ್ಲಿ ಊರ ಲೆಕ್ಕಪತ್ರ ನೋಡುವ ತಲಾಟಿ ಬಂದಾಗಿತ್ತು. ಧಾರವಾಡದ ಕಡೆಯ ಹುಡುಗಿ, ವೃಂದಾ ಎಂದು ಹೆಸರು; ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲು, ಬೆಳಗಿನಿಂದ ಕುಸಿದ ಗೋಡೆ ನೋಡಿ ನೋಡಿ ದಣಿದ ಮುಖ. ಫಕೀರವ್ವನ ಮನೆಯ ಒಂದು ಮೂಲೆ ಕೂತುಬಿಟ್ಟಿತ್ತು. ಬಾಗಿಲಿಗೆ ಹೊಳೆಯುವ ಬಿಳಿ ಬೀಗ. ಎದುರಿಗೆ ತನ್ನ ಮನೆಯ ಕಟ್ಟೆಯ ಮೇಲೆ ಕುಬೇರಪ್ಪ ಕೂತಿದ್ದ. ಓಣಿಯ ಜನ ತಮ್ಮ ತಮ್ಮ ಬಾಗಿಲಲ್ಲಿ, ಮಳೆ ಬೀಳದಷ್ಟು ಒಳಗೆ, ಕಾಣುವಷ್ಟು ಹೊರಗೆ ನಿಂತಿದ್ದರು.

"ಬಾರೋ ಸಾಬಾ," ಕುಬೇರಪ್ಪ ನಕ್ಕ. "ಇವತ್ತ ಯಾರ ಮನಿ ಕೀಲಿ ತಗಿಯಾಕ ಬಂದಿ?"

ಅವತ್ತು ಬೈಕಿನ ಮೇಲೆ ಅವನು ಕರೆದ 'ಸಾಬರ' ಇವತ್ತು 'ಸಾಬಾ' ಆಗಿತ್ತು.

ಫಕೀರವ್ವ ನೇರ ತಲಾಟಿಯ ಮುಂದೆ ಹೋಗಿ ನಿಂತಳು. "ಬಾಯಾರ, ಇದು ನಾ ಇರೂ ಮನಿ. ಇಂವಾ ನನ್ನ ಕೀಲಿ ಒಡಸಿ ತನ್ನ ಕೀಲಿ ಹಾಕ್ಯಾನ."

"ಅವ್ವಾ, ನನಗ ಇಬ್ಬರೂ ಹೊಸಬರು" ಎಂದಳು ವೃಂದಾ. ಬೇಸರದಲ್ಲೂ ಒರಟಾಗಿರಲಿಲ್ಲ. "ಈ ಮನ್ಯಾಗ ಯಾರು ಇರ್ತಾರ ಅಂತ ಓಣ್ಯಾಗಿನವರು ಒಬ್ಬರು ಹೇಳ್ರಿ. ಬರಕೊಂಡು ಹೋಗ್ತೀನಿ. ನನಗ ಇನ್ನೂ ನಾಕು ಊರು ಅದಾವ."

ಯಾರೂ ಹೇಳಲಿಲ್ಲ. ಬಿತ್ತಲು, ಹರಗಲು, ಸುಗ್ಗಿ ಮಾಡಲು ಆ ಓಣಿಗೆಲ್ಲ ಕುಬೇರಪ್ಪನ ಟ್ರ್ಯಾಕ್ಟರೇ ಬರಬೇಕು. ಮುದುಕನೊಬ್ಬ, "ಅಣ್ಣತಮ್ಮರ ಮನಿ ಮಾತು, ನಮಗ್ಯಾಕ ಬೇಕ್ರಿ" ಎಂದು ಒಳಗೆ ಒಂದು ಹೆಜ್ಜೆ ಸರಿದ. ಇಮಾಮುದ್ದೀನ ಮುಖದಿಂದ ಮುಖಕ್ಕೆ ನೋಡಿದ. ಅಷ್ಟು ಜನರನ್ನು ಅಷ್ಟು ನೇರವಾಗಿ ಅವನು ಎಂದೂ ನೋಡಿರಲಿಲ್ಲ. ಇವರೆಲ್ಲ ಇವಳು ದಿನಾ ಅಂಗಳ ಸಾರಿಸುವುದನ್ನು ಕಂಡವರು, ಇವಳ ಒಲೆಯಿಂದ ಕೆಂಡ ಒಯ್ದವರು. ನನಗೆ ಒಂದು ಹೂಂ ಇಲ್ಲದೆ ಕೈ ಏಳುವುದಿಲ್ಲ. ಇವರಿಗೆ ಒಂದು ಹೂಂ ಅನ್ನಲು ಬಾಯಿ ಏಳುವುದಿಲ್ಲ. ಆದರೆ ಅವನೂ ಇನ್ನೂ ಬಾಯಿ ತೆರೆದಿರಲಿಲ್ಲ. ಯಾರಾದರೂ ಒಬ್ಬರು ಹೇಳಿಬಿಟ್ಟರೆ ತಾನು ಸುಮ್ಮನೆ ಮೊಪೆಡ್ ತಿರುಗಿಸಬಹುದೆಂದು ಕಾಯುತ್ತಿದ್ದ. ಹಾಗೆ ಕಾಯುತ್ತಿರುವುದು ತನಗೇ ತಿಳಿದು, ಆ ಮುದುಕನ ಮೇಲಿನ ಸಿಟ್ಟು ಅರ್ಧಕ್ಕೆ ನಿಂತಿತು.

"ಏ, ಬಾಯಾರಿಗೆ ಚಾ ತಾ" ಎಂದು ಕುಬೇರಪ್ಪ ಮನೆಯೊಳಗೆ ಕೂಗಿದ.

"ಹೂಂ."

ನೆಗಡಿಯ, ಎಳೆದ ಹೂಂ. ಇಮಾಮುದ್ದೀನ ಕತ್ತು ತಿರುಗಿಸಿದ. ನಡುಮನೆಯ ಮಬ್ಬಿನಲ್ಲಿ ಕುಬೇರಪ್ಪನ ಹೆಂಡತಿ ಕಾಣಿಸಿದಳು. ಮೂಗು ಕೆಂಪಾದ, ಸಾಧಾರಣ ಮುಖ. ವಾರಪೂರ್ತಿ ಅವನು ಕಲ್ಪಿಸಿಕೊಂಡ ಯಾವ ಮುಖವೂ ಇಷ್ಟು ಸಾಧಾರಣವಾಗಿರಲಿಲ್ಲ.

"ಬಾಯಾರ, ನಾ ಹೇಳತೀನಿ" ಎಂದ. ದನಿ ತಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು.

ಕುಬೇರಪ್ಪ ಕಟ್ಟೆಯಿಂದ ಇಳಿದು ಬಂದು ಅವನ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಹೇಳು. ಯಾರೂ ಇಲ್ಲದ ಮನಿ ಕೀಲಿ ತಗದಾಂವ ನಾನಲ್ಲ, ನೀನು. ಮೊದಲ ನಿನ್ನ ಹೆಸರ ಬರತೈತಿ. ಆಮ್ಯಾಲೆ ನವಲಗುಂದದಾಗ ಯಾ ಮಗಾ ನಿನ್ನ ಬಾಗಲಕ್ಕ ಕರೀತಾನ ನೋಡೂಣು."

"ಈ ಮನಿಗೆ ಹಿತ್ತಾಳಿ ಕೀಲಿ ಇತ್ರಿ, ಈ ಯವ್ವಂದು" ಎಂದ ಇಮಾಮುದ್ದೀನ. "ನಾನ ತಗದೀನಿ. ಈ ಯವ್ವ ಇರಲಿಲ್ಲ. ಇವರು ಕರಕೊಂಡು ಬಂದ್ರು. ಬಾಜು ಮನಿಯವರನ್ನ ಕರೀರಿ ಅಂದ್ರ ಇವರ ಮನಿಯವರಿಗೇ ಕೊಪ್ಪಿ ಹಾಕಿ ನಿಲ್ಲಿಸಿದ್ರು. ಈಗ ಚಾಕ್ಕ ಹೂಂ ಅಂದ್ರಲ್ಲ, ಅವರ."

"ನೀವ ತಗದ್ರಿ? ಅವರು ಊರಾಗ ಇಲ್ಲದಾಗ?" ವೃಂದಾ ಮೊಬೈಲು ಕೆಳಗಿಳಿಸಿದಳು. "ಇದಕ್ಕ ನಿಮ್ಮ ಮ್ಯಾಲೂ ಕೇಸ್ ಆಗ್ತದ, ಗೊತ್ತದ ಏನು?"

"ಗೊತ್ತೈತ್ರಿ."

"ಸುಳ್ಳ ಹೇಳಾಕ್ಹತ್ಯಾನ್ರಿ," ಕುಬೇರಪ್ಪ ಕೈ ಬೀಸಿದ. "ಎಷ್ಟು ತಿಂದಾನೋ ಈಕಿ ಕಡೆ."

ಅಷ್ಟರಲ್ಲಿ ಅವನ ಹೆಂಡತಿ ಚಹಾದ ಕಪ್ಪು ಹಿಡಿದು ಹೊಸ್ತಿಲಿಗೆ ಬಂದಿದ್ದಳು. ತಲಾಟಿಯ ಕಡೆ ನೋಡಲಿಲ್ಲ, ಫಕೀರವ್ವನ ಕಡೆಯೂ ನೋಡಲಿಲ್ಲ. ಗಂಡನನ್ನೇ ನೋಡಿ, ಜಗಳದ ದನಿಯಲ್ಲಲ್ಲ, ಲೆಕ್ಕ ತಪ್ಪಿದವಳಂತೆ ಕೇಳಿದಳು. "ಕಾಳು ತೋಯ್ತಾವ, ಹೂಂ ಅನ್ನು ಅಂದ್ರಲ್ಲ ನೀವು?"

ವೃಂದಾ ಚಹಾ ತೆಗೆದುಕೊಳ್ಳಲಿಲ್ಲ. "ಬಾಗಲಾ ತಗೀರಿ" ಎಂದಳು ಕುಬೇರಪ್ಪನಿಗೆ. "ಆ ಅವ್ವನ್ನ ನಿಲ್ಲಿಸಿ ಫೋಟೋ ತಗೋತೀನಿ."

ಕುಬೇರಪ್ಪ ಜೇಬಿನಿಂದ ಕೀಲಿಕೈ ತೆಗೆದ. ಒಂದು ಕ್ಷಣ ಅದನ್ನು ನೋಡಿ, ಉಕ್ಕಿ ಹರಿಯುತ್ತಿದ್ದ ಗಟಾರದೊಳಗೆ ಒಗೆದುಬಿಟ್ಟ. "ತಗೋರಿ. ಬೇಕಾದವರು ಹುಡಿಕ್ಕೋರಿ."

ಎಲ್ಲರೂ ಇಮಾಮುದ್ದೀನನ ಕಡೆ ತಿರುಗಿದರು. ಅವನು ಚೀಲ ಬಿಚ್ಚಿ ಬಾಗಿಲ ಮುಂದೆ ಕುಕ್ಕರಿಸಿದ. ಇಷ್ಟು ಕಾಲ ಅವನು ಬೀಗ ತೆಗೆಯುವಾಗ ಜನ ಬೇರೆಡೆ ನೋಡುತ್ತಿದ್ದರು, ಮಾತಾಡುತ್ತಿದ್ದರು, ಬೀಡಿ ಹಚ್ಚುತ್ತಿದ್ದರು. ಇವತ್ತು ಇಡೀ ಓಣಿ ಮಳೆಗೆ ಇಳಿದು ಬಂದು ಸುತ್ತ ನಿಂತಿತು. ಅವರ ಉಸಿರು ಅವನ ತಲೆಯ ಮೇಲಿತ್ತು. ಅವನು ಕೊಕ್ಕೆಯ ತಂತಿಯನ್ನು ಬೀಗದ ಕಿಂಡಿಗೆ ಹಾಕಿದ. ಸತಾಯಿಸಲಿ, ಎಂದು ಬೇಡಿಕೊಂಡ. ಆ ಹಿತ್ತಾಳೆಯ ಹಾಗೆ ಬಹಳ ಹೊತ್ತು ಸತಾಯಿಸಲಿ, ಬೆವರಿಳಿಸಲಿ, ಇದು ಸುಲಭದ ಕೆಲಸವಲ್ಲ ಎಂದು ಇವರಿಗೆ ಕಾಣಲಿ. ಆದರೆ ಅದು ಸಂತೆಯ ಬೀಗ. ಇನ್ನೊಂದು ಕಡ್ಡಿ ತೆಗೆಯಲು ಕೈ ಚೀಲಕ್ಕೆ ಹೋಗುವ ಮೊದಲೇ ಬಿಚ್ಚಿ ಅಂಗೈಗೆ ಬಿತ್ತು.

"ಇಷ್ಟ?" ಎಂದಳು ಒಬ್ಬಳು.

"ನಮ್ಮ ಮನ್ಯಾಗೂ ಇಂಥಾದ ಐತಲ್ಲೋ" ಎಂದ ಇನ್ನೊಬ್ಬ. ಯಾರೂ ನಗಲಿಲ್ಲ. ಅವರ ಕಣ್ಣುಗಳು ಬೀಗವನ್ನು ಬಿಟ್ಟು ಅವನ ಬೆರಳುಗಳ ಮೇಲೆ ಕೂತವು.

ಫಕೀರವ್ವ ಬಾಗಿಲು ನೂಕಿದಳು. ಒಳಗಿನಿಂದ ತೊಯ್ದ ಮಣ್ಣಿನ ವಾಸನೆ ಬಂತು. ವೃಂದಾ ಹೇಳಿದ ಕಡೆ ಅವಳು ನೆಟ್ಟಗೆ ನಿಂತಳು, ತಲೆಯ ಪ್ಲಾಸ್ಟಿಕ್ ಚೀಲ ತೆಗೆದು ಸೆರಗು ಹೊದ್ದಳು. ಫೋಟೋ ಆಯಿತು. ವೃಂದಾ ಇಮಾಮುದ್ದೀನನ ಹೆಸರು ಕೇಳಿ ಬರೆದುಕೊಂಡು, "ಕರಸ್ತಾರ, ಬರಬೇಕಾಗ್ತದ" ಎಂದು ಹೇಳಿ ಮುಂದಿನ ಮನೆಗೆ ಹೋದಳು. ಕುಬೇರಪ್ಪ ಕಟ್ಟೆಯ ಮೇಲೆ ಇರಲಿಲ್ಲ.

ಇಮಾಮುದ್ದೀನ ಬಿಚ್ಚಿದ ಬೀಗವನ್ನು ಎರಡೂ ಕೈಯಲ್ಲಿ ಫಕೀರವ್ವನ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಅದು ನಂದಲ್ಲ. ನೀ ಬಂದು ಹೇಳಿದಿ, ಭಾಳ ಛಲೋ ಆತು, ದೇವರು ನಿನಗ ಚಂದ ಇಡಲಿ" ಎಂದಳು. ಆಮೇಲೆ ಬಾಗಿಲ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿದಳು. "ನಾ ಹುಬ್ಬಳ್ಳಿಯಿಂದ ಒಂದ ಹೊಸ ಕೀಲಿ ತರಸ್ತೀನಿ. ತಪ್ಪ ತಿಳಕೋಬ್ಯಾಡಪ್ಪಾ, ನೀ ಇನ್ನ ಈ ಓಣಿಗೆ ಬರಬ್ಯಾಡ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಸಿಟ್ಟು ಬಂದದ್ದು. ಸುಳ್ಳು ಹೇಳಿದ್ದರೆ ಈ ಜನ ಚಹಾ ಕೊಟ್ಟು ಕಳಿಸುತ್ತಿದ್ದರು. ಸಾಬರ, ಮತ್ತ ಬರ್ರಿ ಅನ್ನುತ್ತಿದ್ದರು. ಅವನು ಓಣಿಯ ನಡುವೆ, ಹರಿಯುವ ಕಪ್ಪು ನೀರಿನಲ್ಲಿ ನಿಂತು, ಆ ಬೀಗವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದ. "ಯಾರದರೀ ಇದು? ತಗೋರಿ, ಯಾರದು?"

ಮುದುಕನ ಬಾಗಿಲು ಮೊದಲು ಮುಚ್ಚಿತು. ಒಳಗಿನಿಂದ ಮರದ ಅಗಳಿ ಹಾಕಿದ ಸದ್ದು. ಅದರಾಚೆಯದು ಕಬ್ಬಿಣದ ಚಿಲಕ, ತುಕ್ಕಿಗೆ ಅರಚಿಕೊಂಡು ಕೂತಿತು. ಅದರಾಚೆ ಸರಪಳಿ. ನಡು ಮಧ್ಯಾಹ್ನ ಓಣಿಯ ಎರಡೂ ಬದಿಯಲ್ಲಿ ಒಂದಾದ ಮೇಲೊಂದು ಬಾಗಿಲು ಒಳಗಿನಿಂದ ಭದ್ರವಾಗುತ್ತ ಹೋದವು.